ಮಗಳ ಇಂಜೆಕ್ಟರ್ ಲೆಕ್ಕ

ಮಗಳ ತಪ್ಪು ಕಣ್ಣಿಗೆ ಬೀಳಲು ನನಗೆ ಎರಡು ನಿಮಿಷವೂ ಹಿಡಿಯಲಿಲ್ಲ. ಅಂದು ಶುಕ್ರವಾರ, ಮನೆಯಿಂದಲೇ ಕೆಲಸ ಮಾಡುವ ದಿನ. ಸಿಡ್ನಿಯ ದಿ ಪಾಂಡ್ಸ್‌ನ ನಮ್ಮ ಮನೆಯಲ್ಲಿ ಊಟದ ಮೇಜೇ ನನ್ನ ಆಫೀಸು. ಮೆಲ್ಬರ್ನ್‌ನಿಂದ ಅವಳು ಒಂದು ಸ್ಪ್ರೆಡ್‌ಶೀಟ್ ಹಂಚಿಕೊಂಡಿದ್ದಳು, ಜೊತೆಗೊಂದು ಮೆಸೇಜು ಇತ್ತು. "ಅಮ್ಮಾ, ಒಂದ್ಸಲ ಚೆಕ್ ಮಾಡು ಪ್ಲೀಸ್. ಆನ್‌ಲೈನ್‌ನಲ್ಲಿ ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ನೀನು ಓಕೆ ಅಂದ್ರೆ ಮಾತ್ರ ಫಿಟ್ ಮಾಡ್ತೀನಿ."

ಇಪ್ಪತ್ತು ವರ್ಷದ ಮಗಳು ತಾಯಿಯನ್ನು ಏನಾದರೂ ಕೇಳುವುದೇ ಅಪರೂಪ. ಯಾವ ಬಟ್ಟೆ ಹಾಕಲಿ, ಯಾರ ಜೊತೆ ಮನೆ ಹಂಚಿಕೊಳ್ಳಲಿ, ಕೂದಲು ಎಷ್ಟು ಕತ್ತರಿಸಲಿ, ಇವು ಯಾವುದನ್ನೂ ಅವಳು ನನ್ನನ್ನು ಕೇಳಿರಲಿಲ್ಲ. ಇದೊಂದನ್ನು ಕೇಳಿದ್ದಳು. ಇದರಲ್ಲಿ ನನ್ನ ಮಾತಿನ ಮೇಲೆ ಅವಳಿಗೆ ಪೂರ್ತಿ ನಂಬಿಕೆ ಇತ್ತು.

ಅವಳು ಮೆಲ್ಬರ್ನ್‌ಗೆ ಹೋದದ್ದು ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಲು. ಎರಡನೆಯ ವರ್ಷಕ್ಕೆ ಬರುವಷ್ಟರಲ್ಲಿ ಓದು ಬೇಸರವಾಗಿತ್ತು. ಸನ್‌ಶೈನ್ ಬಡಾವಣೆಯ ಒಂದು ಗ್ಯಾರೇಜಿನಲ್ಲಿ ಶನಿವಾರಗಳಂದು ಕೆಲಸಕ್ಕೆ ಹೋಗುತ್ತಿದ್ದಳು. ಅಲ್ಲಿಯ ಯಜಮಾನ ರೇಸಿನ ಇಂಜಿನ್ ಕಟ್ಟುವ ಮುದುಕ. ಮುಂದಿನ ಫೆಬ್ರವರಿಯಿಂದ ಅವನಿಗೆ ಕಸುಬು ಕಲಿಯುವ ಒಬ್ಬರು ಬೇಕಾಗಿತ್ತು. ಒಂದೇ ಜಾಗ. ನಿನ್ನ ಕೈಯಿಂದಲೇ ಒಂದು ಇಂಜಿನ್ ಕಟ್ಟು, ಲೆಕ್ಕ ಬೇರೆ ಯಾರಿಗಾದರೂ ತೋರಿಸು, ನನ್ನ ಸಹಾಯ ಮಾತ್ರ ಕೇಳಬೇಡ, ಅದು ಟ್ರ್ಯಾಕಿನ ಮೇಲೆ ಒಂದು ದಿನ ಪೂರ್ತಿ ಕೆಡದೆ ಓಡಿದರೆ ಜಾಗ ನಿನ್ನದು ಎಂದಿದ್ದ. ಜಾಗ ಸಿಕ್ಕರೆ ಅವಳು ಕಾಲೇಜು ಬಿಡುತ್ತಾಳೆ, ಸಿಗದಿದ್ದರೆ ಓದು ಮುಗಿಸುತ್ತಾಳೆ. ಇದು ಮನೆಯಲ್ಲಿ ಮೂರು ತಿಂಗಳು ಕಿತ್ತಾಡಿ ಆಗಿದ್ದ ಒಪ್ಪಂದ. ಒಪ್ಪಂದ ಮಾಡಿಸಿದ್ದು ನನ್ನ ಗಂಡ. ಅವರಿಗೆ ಎಲ್ಲರೂ ಸುಮ್ಮನಿದ್ದರೆ ಸಾಕು.

ಇಂಜೆಕ್ಟರ್ ಅಂದರೆ ಸಿಲಿಂಡರಿಗೆ ಪೆಟ್ರೋಲ್ ಚಿಮ್ಮಿಸುವ ಬೆರಳುದ್ದದ ನಳ. ಇಂಜಿನ್ನಿನ ಹಸಿವಿಗೆ ತಕ್ಕ ಗಾತ್ರದ್ದು ಬೇಕು. ದೊಡ್ಡದಾದರೆ ಸಿಗ್ನಲ್ಲಿನಲ್ಲಿ ನಿಂತಾಗ ಇಂಜಿನ್ ಕೆಮ್ಮುತ್ತದೆ, ಕಪ್ಪು ಹೊಗೆ ಬಿಡುತ್ತದೆ, ಕಾರಿನವರ ಮಾನ ಹೋಗುತ್ತದೆ, ಅಷ್ಟೇ. ಚಿಕ್ಕದಾದರೆ ಹಾಗಲ್ಲ. ಗಾಳಿ ಸಾಕಷ್ಟು, ಪೆಟ್ರೋಲ್ ಕಡಿಮೆ. ಒಳಗಿನ ಕಾವು ಏರಿ ಪಿಸ್ಟನ್ನೇ ಕರಗಿಹೋಗುತ್ತದೆ. ಅದಕ್ಕೇ ಲೆಕ್ಕ ಹಾಕಬೇಕು. ಎಷ್ಟು ಹಾರ್ಸ್‌ಪವರ್ ಬೇಕು, ಅದಕ್ಕೆ ನಿಮಿಷಕ್ಕೆ ಎಷ್ಟು ಪೆಟ್ರೋಲ್, ಅದನ್ನು ಸಿಲಿಂಡರುಗಳಿಗೆ ಹಂಚಿದರೆ ಎಷ್ಟು, ಅದರ ಮೇಲೆ ಉಸಿರಾಡಲು ಒಂದಿಷ್ಟು ಜಾಗ.

ಮಗಳು ಇದನ್ನೆಲ್ಲ ಅಚ್ಚುಕಟ್ಟಾಗಿ ಮಾಡಿದ್ದಳು. ನಾಲ್ಕು ಸಿಲಿಂಡರಿನ ಹಳೆಯ ಟರ್ಬೊ ಇಂಜಿನ್, ಮುನ್ನೂರು ಹಾರ್ಸ್‌ಪವರ್ ಅವಳ ಗುರಿ. ಒಂದೊಂದು ಇಂಜೆಕ್ಟರ್ ನಿಮಿಷಕ್ಕೆ ನಾನೂರ ಎಪ್ಪತ್ತಮೂರು ಮಿಲಿಲೀಟರ್ ಕೊಡಬೇಕು. ಅವಳು ಸೆಕೆಂಡ್ ಹ್ಯಾಂಡಿನಲ್ಲಿ ಐನೂರ ಐವತ್ತರದ್ದು ನಾಲ್ಕು ಆರಿಸಿಟ್ಟಿದ್ದಳು. ಲೆಕ್ಕಕ್ಕೆ ಧಾರಾಳ. ಆದರೆ ಮಾರುವವನ ಜಾಹೀರಾತಿನ ಫೋಟೋವನ್ನೂ ಶೀಟಿನ ಮೂಲೆಯಲ್ಲಿ ಅಂಟಿಸಿದ್ದಳು. ಅದರ ಕೆಳಗೆ ಇರುವೆ ಗಾತ್ರದ ಅಕ್ಷರದಲ್ಲಿ, ನಾಲ್ಕು ಬಾರ್ ಒತ್ತಡದಲ್ಲಿ ಅಳೆದದ್ದು ಎಂದಿತ್ತು. ಅವಳ ಕಾರಿನ ಪಂಪು ಕೊಡುವುದು ಮೂರು ಬಾರ್.

ಮಾಳಿಗೆಯ ಮೇಲೆ ನೀರಿನ ಟಾಕಿ ಇರುವ ಮನೆಯಲ್ಲಿ ಬೆಳೆದ ಯಾರಿಗಾದರೂ ಇದು ತಿಳಿಯುತ್ತದೆ. ಕೆಳಗಿನ ಮನೆಯ ನಳದಲ್ಲಿ ಕೊಡ ಬೇಗ ತುಂಬುತ್ತದೆ, ಮೇಲಿನ ಮನೆಯಲ್ಲಿ ಅದೇ ನಳ ಹಾಕಿದರೂ ತಡ. ಒತ್ತಡ ಹೇಳದೆ ಅಳತೆ ಹೇಳಿದರೆ ಆ ಅಳತೆಗೆ ಅರ್ಥವಿಲ್ಲ. ಮೂರು ಬಾರಿನಲ್ಲಿ ಅವಳ ಐನೂರ ಐವತ್ತು ನಾನೂರ ಎಪ್ಪತ್ತಾರಕ್ಕೆ ಇಳಿಯುತ್ತಿತ್ತು. ಉಸಿರಾಡಲು ಜಾಗವೇ ಇಲ್ಲ. ಊರೊಳಗೆ ಓಡಿಸಿದರೆ ಏನೂ ಗೊತ್ತಾಗುವುದಿಲ್ಲ, ಅಲ್ಲಿ ಪೂರ್ತಿ ಆಕ್ಸಿಲರೇಟರ್ ಒತ್ತಿ ಹಿಡಿಯಲು ರಸ್ತೆ ಎಲ್ಲಿದೆ? ಟ್ರ್ಯಾಕಿನ ಮೇಲೆ, ಬೆಳಗಿನ ತಂಪು ಗಾಳಿಯಲ್ಲಿ, ಪದೇಪದೇ ಒತ್ತಿ ಹಿಡಿದಾಗ ಗೊತ್ತಾಗುತ್ತದೆ.

ಇದೆಲ್ಲ ನನಗೆ ಹೇಗೆ ಗೊತ್ತು ಎಂದರೆ, ಹುಬ್ಬಳ್ಳಿಯಲ್ಲಿ ನನ್ನ ಅಪ್ಪನಿಗೆ ಪಂಪು ನೋಜಲ್ ಅಂಗಡಿ ಇತ್ತು. ಲಾರಿ, ಟ್ರ್ಯಾಕ್ಟರುಗಳ ಡೀಸೆಲ್ ಪಂಪು ಬಿಚ್ಚಿ, ಟೆಸ್ಟ್ ಬೆಂಚಿಗೆ ಕಟ್ಟಿ, ಗಾಜಿನ ಕೊಳವೆಗಳಲ್ಲಿ ಹನಿಹನಿ ಅಳೆದು ಸರಿಮಾಡುವ ಅಂಗಡಿ. ಹತ್ತು ವರ್ಷದವಳಿದ್ದಾಗಿನಿಂದ ಶಾಲೆ ಬಿಟ್ಟ ಮೇಲೆ ನಾನು ಆ ಬೆಂಚಿನ ಮುಂದೆ ನಿಲ್ಲುತ್ತಿದ್ದೆ. ಯಾರಾದರೂ ಡ್ರೈವರು ಬಂದು ಪಂಪು ಇಷ್ಟು ಡೀಸೆಲ್ ಹೊಡಿತದ, ಅಷ್ಟು ಹೊಡಿತದ ಎಂದರೆ ಅಪ್ಪ ತಲೆ ಎತ್ತದೆ, "ಎಷ್ಟು ಪ್ರೆಶರ್‌ದಾಗ?" ಎಂದು ಕೇಳುತ್ತಿದ್ದರು. ಅದೊಂದೇ ಪ್ರಶ್ನೆ. ಉತ್ತರ ಬರದಿದ್ದರೆ ಮುಂದೆ ಮಾತೇ ಇಲ್ಲ.

ನೋಜಲ್ ಸರಿಯಾಗಿದೆಯೋ ಇಲ್ಲವೋ ಎಂದು ನಾನು ಸದ್ದಿನಲ್ಲೇ ಹೇಳುತ್ತಿದ್ದೆ. ಅಣ್ಣನಿಗೆ ಆ ಕಿವಿ ಇರಲಿಲ್ಲ, ಬೆಂಚಿನ ಮುಂದೆ ನಿಂತರೆ ಆಕಳಿಸುತ್ತಿದ್ದ. ಹತ್ತನೇ ಕ್ಲಾಸಿನ ಪರೀಕ್ಷೆ ಮುಗಿದ ಮರುದಿನ ನಾನು ಅಂಗಡಿಗೆ ಹೊರಟಾಗ ಅಪ್ಪ ಬಾಗಿಲಲ್ಲೇ ತಡೆದರು. "ಯವ್ವಾ, ನೀ ಇನ್ನ ಬರಬ್ಯಾಡ. ಕೈ ಕರ್‍ರಗ ಆಗ್ತಾವು. ಕಂಪ್ಯೂಟರ್ ಕಲಿ." ಅಂಗಡಿ ಅಣ್ಣನಿಗೆ ಹೋಯಿತು. ಅವನು ಆರು ವರ್ಷದಲ್ಲಿ ಅದನ್ನು ಮುಚ್ಚಿ ಮೊಬೈಲ್ ರಿಪೇರಿಯವನಿಗೆ ಬಾಡಿಗೆಗೆ ಕೊಟ್ಟ. ನಾನು ಕಂಪ್ಯೂಟರ್ ಕಲಿತೆ. ಈಗ ನಾರ್ತ್ ಸಿಡ್ನಿಯ ಒಂದು ಆಫೀಸಿನಲ್ಲಿ ಟೆಸ್ಟರ್, ಅಂದರೆ ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವವಳು. ಸಂಬಳ ಚೆನ್ನಾಗಿದೆ, ಕೈ ಬೆಳ್ಳಗಿದೆ.

ಆ ಶುಕ್ರವಾರ ಕಸುಬಿನ ಅಭ್ಯಾಸ ನನ್ನನ್ನು ಬಿಡಲಿಲ್ಲ. ತಪ್ಪು ಕಂಡ ಕೂಡಲೇ ಪಕ್ಕದ ಖಾನೆಯಲ್ಲಿ ಬರೆದುಬಿಟ್ಟೆ. ಟೆಸ್ಟರುಗಳು ಬರೆಯುವ ರೀತಿಯಲ್ಲೇ, ಮೂರು ಸಾಲು. ತಪ್ಪು ಏನು, ಎಷ್ಟು ಗಂಭೀರ, ಯಾವಾಗ ಹೊರಗೆ ಬೀಳುತ್ತದೆ.

ಬರೆದ ಮೇಲೆ ಚಹಾ ಮಾಡಿಕೊಳ್ಳಲು ಎದ್ದೆ. ಚಹಾ ಕುದಿಯುವಾಗ ಹಿಂದಿನ ಭಾನುವಾರದ್ದು ನೆನಪಾಯಿತು. ಪೆಂಡಲ್ ಹಿಲ್‌ನ ಇಂಡಿಯನ್ ಅಂಗಡಿಯಲ್ಲಿ ನಮ್ಮ ಪರಿಚಯದ ಒಬ್ಬ ಆಂಟಿ ಸಿಕ್ಕಿದ್ದರು. ಬದನೆಕಾಯಿ ಒಂದೊಂದನ್ನೇ ಒತ್ತಿ ನೋಡುತ್ತಾ, "ನಿಮ್ಮ ಮಗಳು ಮೆಲ್ಬರ್ನ್‌ನಲ್ಲಿ ಅಲ್ವಾ? ಇಂಟರ್ನ್‌ಶಿಪ್ ಯಾವ ಕಂಪನೀಲಿ ಮಾಡ್ತಿದ್ದಾಳೆ?" ಎಂದರು. ಅವರ ಮಗ ಎಲ್ಲಿ ಮಾಡುತ್ತಿದ್ದಾನೆ ಎಂದು ನನಗೆ ಹೇಳಲಿಕ್ಕೇ ಆ ಪ್ರಶ್ನೆ. ನಾನು ಯಾವುದೋ ದೊಡ್ಡ ಕಾರ್ ಕಂಪನಿ ಎಂದೆ. ಕಾರಿನ ಕೆಳಗೆ ಮಲಗಿ ನಟ್ಟು ಬಿಚ್ಚುತ್ತಾಳೆ ಎನ್ನಲು ನಾಲಿಗೆ ಏಳಲಿಲ್ಲ.

ಆದರೆ ಮುಂದೆ ನಾನು ಮಾಡಿದ್ದನ್ನು ಆ ಆಂಟಿಯ ಮೇಲೆ ಹೊರಿಸುವುದು ಮೋಸ. ಜನ ಏನಂದಾರು ಎಂದು ನಾನು ಅದನ್ನು ಮಾಡಿದ್ದಲ್ಲ. ಅವಳ ಭವಿಷ್ಯದ ಕಾಳಜಿ ಎಂದು ಆಗ ನನಗೆ ನಾನೇ ಹೇಳಿಕೊಂಡದ್ದೂ ಅರ್ಧ ಸುಳ್ಳು. ನನಗೆ ಹೊಟ್ಟೆಕಿಚ್ಚು. ಹದಿನಾರು ವರ್ಷಕ್ಕೆ ನನ್ನ ಕೈಯಿಂದ ಕಿತ್ತುಕೊಂಡದ್ದನ್ನು ಇವಳು ಇಪ್ಪತ್ತಕ್ಕೆ, ಯಾರ ಅಪ್ಪಣೆಯೂ ಇಲ್ಲದೆ, ಎರಡೂ ಕೈಯಿಂದ ಎತ್ತಿಕೊಳ್ಳಲು ಹೊರಟಿದ್ದಳು. ಪ್ರತಿ ಶನಿವಾರ ಉಗುರಿನ ಸಂದಿಯಲ್ಲಿ ಗ್ರೀಸ್ ಇರುವ ಕೈಯ ಫೋಟೋ ಕಳಿಸುತ್ತಿದ್ದಳು. ನಾನು ಹೃದಯದ ಚಿತ್ರ ಒತ್ತಿ ಫೋನ್ ಬೋರಲು ಹಾಕುತ್ತಿದ್ದೆ. ಹೆತ್ತ ಮಗಳ ಮೇಲೆ ಹೊಟ್ಟೆಕಿಚ್ಚು ಪಡುವ ತಾಯಂದಿರು ಇದ್ದಾರೆಯೇ ಎಂದು ಕೇಳುವವರಿಗೆ ನಾನು ಉತ್ತರ.

ಚಹಾ ಹಿಡಿದು ವಾಪಸು ಬಂದು ಆ ಮೂರು ಸಾಲು ಅಳಿಸಿದೆ. ಅವಳಿಗೆ ಮೆಸೇಜು ಕಳಿಸಿದೆ. "ಏನೂ ತಪ್ಪಿಲ್ಲ ನೋಡು. ಫಿಟ್ ಮಾಡು."

ಅವಳು ಕುಣಿಯುವ ಬೆಕ್ಕಿನ ಚಿತ್ರ ಕಳಿಸಿದಳು.

ಟ್ರ್ಯಾಕಿನ ದಿನ ಮೂರು ವಾರದ ನಂತರದ ಭಾನುವಾರ. ನಾನೂ ಬರಬೇಕೆಂದು ಅವಳೇ ಹಟ ಹಿಡಿದಳು. ಶನಿವಾರ ವಿಮಾನದಲ್ಲಿ ಹೋಗಿ ಅವಳ ಮನೆಯಲ್ಲಿ ಮಲಗಿ, ಬೆಳಿಗ್ಗೆ ಬೇಗ ಎದ್ದು ಚಪಾತಿ, ಶೇಂಗಾ ಚಟ್ನಿ ಮಾಡಿ ಡಬ್ಬಿ ಕಟ್ಟಿದೆ. ಮಗಳನ್ನು ಬೀಳಿಸಲು ಹೋಗುವಾಗಲೂ ಬುತ್ತಿ ಕಟ್ಟುವುದನ್ನು ನಾನು ಬಿಡಲಿಲ್ಲ. ಟ್ರ್ಯಾಕು ಮೆಲ್ಬರ್ನ್‌ನಿಂದ ಒಂದು ಗಂಟೆಯ ದಾರಿ. ಚಳಿ ಹಲ್ಲು ಕಡಿಯುವಂತಿತ್ತು. ಗ್ಯಾರೇಜಿನ ಯಜಮಾನ ಮಡಚುವ ಕುರ್ಚಿ ಹಾಕಿ ಕುಳಿತಿದ್ದ. ನನ್ನ ಕೈ ಕುಲುಕಿ, ನಿಮ್ಮ ಮಗಳ ಕಿವಿ ಬಹಳ ಸೂಕ್ಷ್ಮ, ಎಲ್ಲಿಂದ ಬಂತೋ ಎಂದ. ನಾನು ನಕ್ಕೆ.

ಮೊದಲ ಸೆಶನ್ ಅವಳು ಮೆಲ್ಲಗೆ ಓಡಿಸಿದಳು. ಟೈರು ಬಿಸಿಯಾಗಬೇಕು, ಬ್ರೇಕು ಹೊಂದಬೇಕು ಎಂದು ಯಜಮಾನನೇ ಹೇಳಿದ್ದ. ಆದರೂ ಉದ್ದ ದಾರಿಯ ಕೊನೆಯಲ್ಲಿ, ಎರಡು ಸಲ, ಇಂಜಿನ್ನಿನ ಸದ್ದು ತೆಳುವಾದದ್ದು ನನಗೆ ಕೇಳಿಸಿತು. ಯಜಮಾನ ಆಗ ಯಾರ ಜೊತೆಯೋ ಮಾತಾಡುತ್ತಿದ್ದ. ಕೇಳಿಸಿಕೊಂಡವಳು ನಾನೊಬ್ಬಳೇ.

ಕಾರು ನಿಲ್ಲಿಸಿ ಅವಳು ನೇರ ನನ್ನ ಹತ್ತಿರವೇ ಬಂದಳು. ಕೆನ್ನೆ ಕೆಂಪಾಗಿತ್ತು, ಹೆಲ್ಮೆಟ್ಟು ತೆಗೆದ ಕೂದಲು ನೆತ್ತಿಗೆ ಅಂಟಿತ್ತು. "ಹೇಗೆ ಕೇಳಿಸ್ತು ಅಮ್ಮಾ? ಗೇಜ್ ಎಲ್ಲಾ ಓಕೆ ಇದೆ. ಸೌಂಡ್ ಹೇಗಿತ್ತು, ನಿಜ ಹೇಳು."

ಇಲ್ಲಿ ನನಗೆ ಎರಡನೆಯ ಅವಕಾಶ ಸಿಕ್ಕಿತ್ತು. ಒಂದೇ ಮಾತು ಸಾಕಿತ್ತು. ಆಕ್ಸಿಲರೇಟರ್ ಪೂರ್ತಿ ಒತ್ತಬೇಡ ಎಂದಿದ್ದರೆ ಆ ದಿನ ನಿಧಾನವಾಗಿ ಕಳೆಯುತ್ತಿತ್ತು, ಇಂಜಿನ್ ಉಳಿಯುತ್ತಿತ್ತು, ಜಾಗವೂ ಸಿಗುತ್ತಿತ್ತು. ಯಜಮಾನ ಕೆಡದೆ ಓಡಲಿ ಎಂದಿದ್ದನೇ ಹೊರತು ಗೆಲ್ಲಲಿ ಎಂದಿರಲಿಲ್ಲ.

"ಚಲೋ ಕೇಳಸ್ತು," ಎಂದೆ. ಚಪಾತಿ ಸುರುಳಿ ಮಾಡಿ ಕೊಟ್ಟೆ. ಅರ್ಧ ತಿಂದು ಅರ್ಧ ನನ್ನ ಕೈಗೇ ಕೊಟ್ಟು ಹೆಲ್ಮೆಟ್ಟು ಹಾಕಿಕೊಂಡಳು. ಗ್ಲೌಸು ಹಾಕಿದ ಬೆರಳಿಗೆ ಗದ್ದದ ಕೆಳಗಿನ ಪಟ್ಟಿ ಸಿಗುತ್ತಿರಲಿಲ್ಲ. ನಾನೇ ಬಿಗಿ ಮಾಡಿದೆ, ಸಡಿಲವಿಲ್ಲ ತಾನೇ ಎಂದು ಬೆರಳು ಹಾಕಿ ನೋಡಿದೆ. ಬೆಂಕಿ ಹತ್ತುವ ಸಂಭವವಿಲ್ಲ, ಬರೀ ಪಿಸ್ಟನ್ ಹೋಗುತ್ತದೆ ಎಂದು ಮೂರು ವಾರದಲ್ಲಿ ಮತ್ತೆಮತ್ತೆ ಯೋಚಿಸಿ ಖಚಿತ ಮಾಡಿಕೊಂಡಿದ್ದೆ. ನನ್ನ ತಾಯ್ತನ ಉಳಿದದ್ದು ಅಷ್ಟರಲ್ಲಿ.

ಎರಡನೆಯ ಸೆಶನ್‌ನಲ್ಲಿ ಅವಳು ಕಾರನ್ನು ಹಾರಿಸಿದಳು. ನೋಡಲು ಚೆಂದವಿತ್ತು, ಅದನ್ನು ಹೇಳಬೇಕು. ತಿರುವಿನಲ್ಲಿ ಕಾರು ಗೆರೆ ಎಳೆದಂತೆ ಬರುತ್ತಿತ್ತು. ಯಜಮಾನ ಕುರ್ಚಿ ಬಿಟ್ಟು ಎದ್ದು ಬೇಲಿಯ ಹತ್ತಿರ ನಿಂತ. ಪ್ರತಿ ಸುತ್ತಿಗೂ ಸದ್ದು ಸ್ವಲ್ಪಸ್ವಲ್ಪವೇ ತೆಳುವಾಗುತ್ತಾ ಬಂತು. ಆಮೇಲೆ ಉದ್ದ ದಾರಿಯ ನಡುವೆ ಸದ್ದು ಮುರಿಯಿತು, ಹಿಂದೆ ನೀಲಿ ಹೊಗೆ ಎದ್ದಿತು. ಅವಳು ಕಾರನ್ನು ಹುಲ್ಲಿನ ಮೇಲೆ ತಂದು ನಿಲ್ಲಿಸಿ ಇಳಿದು ದೂರ ನಿಂತಳು. ಅಷ್ಟು ದೂರದಿಂದ ಅವಳು ಬೆರಳುದ್ದ ಕಾಣುತ್ತಿದ್ದಳು.

ಕಾರನ್ನು ಎಳೆದು ತಂದರು. ಯಜಮಾನ ಬಾನೆಟ್ ಎತ್ತಿ, ನಾಲ್ಕನೆಯ ಸಿಲಿಂಡರಿನ ಸ್ಪಾರ್ಕ್ ಪ್ಲಗ್ಗು ಬಿಚ್ಚಿ ಬೆಳಕಿಗೆ ಹಿಡಿದ. ತುದಿಯಲ್ಲಿ ಕರಗಿದ ಪಿಸ್ಟನ್ನಿನ ಅಲ್ಯೂಮಿನಿಯಂ ಕಣಗಳು ಮಿಂಚುತ್ತಿದ್ದವು. ಅವನು ಕೂಗಾಡುವ ಮನುಷ್ಯನಲ್ಲ. ಪೆಟ್ರೋಲ್ ಸಾಲದೆ ಸತ್ತಿದೆ, ಇಂಜೆಕ್ಟರ್ ಲೆಕ್ಕ ಯಾರು ಹಾಕಿದ್ದು ಎಂದು ಕೇಳಿದ.

"ನಾನೇ," ಎಂದಳು.

ಇನ್ನೊಬ್ಬರಿಗೆ ತೋರಿಸಲಿಲ್ಲವೇ ಎಂದ.

ಅವಳು ನನ್ನ ಕಡೆ ನೋಡಲಿಲ್ಲ. "ಇಲ್ಲ. ಯಾರಿಗೂ ತೋರಿಸ್ಲಿಲ್ಲ."

ಆ ಸುಳ್ಳು ನನ್ನ ಮರ್ಯಾದೆ ಉಳಿಸಲು. ಪಾಪ, ಅಮ್ಮನ ಕಣ್ಣು ತಪ್ಪಿತು, ಪರರ ಮುಂದೆ ದಡ್ಡಿ ಅನ್ನಿಸಿಕೊಳ್ಳಬಾರದು ಎಂದು. ಯಜಮಾನ ಪ್ಲಗ್ಗನ್ನು ಅವಳ ಕೈಗೆ ಕೊಟ್ಟು, ಇನ್ನೊಬ್ಬರಿಗೆ ತೋರಿಸದೆ ಇಂಜಿನ್ ಓಡಿಸುವವರು ನನ್ನ ಗ್ಯಾರೇಜಿಗೆ ಬೇಡ, ಫೆಬ್ರವರಿಯ ಜಾಗ ಬೇರೆಯವರಿಗೆ ಕೊಡುತ್ತೇನೆ, ನೀನು ನಿನ್ನ ಓದು ಮುಗಿಸು ಎಂದ. ನಾನು ಬರೆದುಕೊಟ್ಟಿದ್ದರೂ ಅವನು ಇಷ್ಟು ಸರಿಯಾಗಿ ಒಪ್ಪಿಸುತ್ತಿರಲಿಲ್ಲ. ಅವಳು ಆ ಮಾತು ನಡೆಸಿಕೊಟ್ಟಳು, ಓದು ಮುಂದುವರಿಸಿದಳು, ಈಗ ಕೊನೆಯ ವರ್ಷದಲ್ಲಿದ್ದಾಳೆ. ಇದು ನನಗೆ ಗೊತ್ತಾದದ್ದು ಅವಳ ಅಪ್ಪನಿಂದ.

ಯಜಮಾನನ ಮಾತು ಕೇಳಿ ನನಗೆ ಸಂತೋಷವಾಯಿತು. ಇಷ್ಟೆಲ್ಲ ಹೇಳಿದ ಮೇಲೆ ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ವಾಪಸು ಬರುವ ದಾರಿಯಲ್ಲಿ ಅವಳ ಗೆಳತಿಯ ವ್ಯಾನಿನಲ್ಲಿ ಹಿಂದಿನ ಸೀಟಿನಲ್ಲಿ ಅವಳ ತಲೆಯನ್ನು ಭುಜಕ್ಕೆ ಒರಗಿಸಿಕೊಂಡು ತಟ್ಟುತ್ತಾ ಕುಳಿತಿದ್ದೆ. ಅವಳು ಸದ್ದಿಲ್ಲದೆ ಅಳುತ್ತಿದ್ದಳು. ನನ್ನ ಎದೆ ಹಗುರಾಗಿತ್ತು.

ಮಧ್ಯಾಹ್ನ ಮೂರು ಗಂಟೆಗೆ ಅವಳ ಅಡಿಗೆಮನೆಯಲ್ಲಿ ನಾನು ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದೆ. ಅವಳು ಸ್ನಾನ ಮಾಡಿ ಬಂದು ಮೇಜಿನ ಮುಂದೆ ಲ್ಯಾಪ್‌ಟಾಪ್ ತೆರೆದಳು. ಎಲ್ಲಿ ತಪ್ಪಿದೆ ಎಂದು ತಿಳಿಯದೆ ಅವಳಿಗೆ ಊಟ ಸೇರುವುದಿಲ್ಲ. ನನ್ನ ಗುಣವೇ. ಹತ್ತು ನಿಮಿಷಕ್ಕೆ ಕಂಡುಹಿಡಿದಳು.

"ಸಿಕ್ತು ಅಮ್ಮಾ. ಫೋಟೋದಲ್ಲಿ ಕೆಳಗಡೆ ಇದೆ ನೋಡು, ಫೋರ್ ಬಾರ್. ಅಷ್ಟು ಚಿಕ್ಕದಾಗಿ ಬರೆದಿದ್ದಾರೆ. ಇಬ್ರೂ ಮಿಸ್ ಮಾಡಿದ್ವಿ."

"ಹೌದಲ್ಲ," ಎಂದೆ, ಬಾಣಲೆಯಿಂದ ಕಣ್ಣು ತೆಗೆಯದೆ.

ಅವಳು ಆ ಫೋಟೋವನ್ನು ದೊಡ್ಡದು ಮಾಡಿ ನೋಡಿದಳು. "ಇಲ್ಲ, ಬಹುಶಃ ನಿನಗೆ ಕಳಿಸಿದ ಮೇಲೆ ನಾನು ಆ ಫೋಟೋ ಹಾಕಿರಬೇಕು. ಹಾಗಿದ್ರೆ ನೀನು ನೋಡೋಕೆ ಚಾನ್ಸೇ ಇಲ್ಲ, ನಿಂದೇನೂ ತಪ್ಪಿಲ್ಲ. ತಾಳು, ಹಿಸ್ಟರಿ ನೋಡ್ತೀನಿ."

ಹಂಚಿಕೊಂಡ ಶೀಟಿನಲ್ಲಿ ಯಾರು ಯಾವಾಗ ಏನು ಬರೆದರು, ಏನು ಅಳಿಸಿದರು ಎನ್ನುವುದೆಲ್ಲ ಉಳಿದಿರುತ್ತದೆ. ಆಫೀಸಿನಲ್ಲಿ ನಾನು ದಿನಕ್ಕೆ ಹತ್ತು ಸಲ ಆ ಹಿಸ್ಟರಿ ತೆಗೆದು ಬೇರೆಯವರ ಮುಖಕ್ಕೆ ಹಿಡಿಯುವವಳು. ಮೂರು ವಾರ ಬೆಂಕಿಯ ಬಗ್ಗೆ, ಪಿಸ್ಟನ್ನಿನ ಬಗ್ಗೆ ಯೋಚಿಸಿದ್ದೆ, ಇದೊಂದು ತಲೆಗೇ ಬಂದಿರಲಿಲ್ಲ. ಈಗ ಅವಳು ನನ್ನನ್ನು ನಿರ್ದೋಷಿ ಎಂದು ತೋರಿಸಲು ಅದನ್ನು ತೆರೆಯುತ್ತಿದ್ದಳು. ಬೇಡ ಬಿಡು, ಊಟ ಮಾಡು ಮೊದಲು ಎಂದೆ.

ಕೀಲಿಮಣೆಯ ಸದ್ದು ನಿಂತಿತು. ರವೆ ಸೀಯುವ ವಾಸನೆ ಬಂತು. ಆಮೇಲೆ ಅವಳು ಓದತೊಡಗಿದಳು, ಕ್ಲಾಸಿನಲ್ಲಿ ಪಾಠ ಓದುವವರ ಹಾಗೆ, ಏರಿಳಿತವಿಲ್ಲದೆ.

"ಡಿಫೆಕ್ಟ್: ಅಳತೆ ನಾಲ್ಕು ಬಾರ್‌ಗೆ, ಕಾರಿನಲ್ಲಿ ಮೂರು. ಸಿವಿಯರಿಟಿ: ಹೈ, ನಾಲ್ಕನೇ ಪಿಸ್ಟನ್ ಮೊದಲು ಹೋಗುತ್ತೆ. ಯಾವಾಗ: ಟ್ರ್ಯಾಕ್ ಡೇ, ಎರಡನೇ ಸೆಶನ್, ಹತ್ತನೇ ಲ್ಯಾಪ್ ಹತ್ತಿರ." ಬದಿಯಲ್ಲಿದ್ದ ಸಮಯ ನೋಡಿದಳು. "ನಾಲ್ಕು ಹನ್ನೆರಡಕ್ಕೆ ಬರೆದಿದ್ದೀಯ. ನಾಲ್ಕು ಇಪ್ಪತ್ತಕ್ಕೆ ಡಿಲೀಟ್ ಮಾಡಿದ್ದೀಯ."

"ನಿನ್ನ ಒಳ್ಳೇದಕ್ಕ ಮಾಡೀನಿ," ಎಂದೆ. ಹಾಗೆ ಅನ್ನುವಾಗ ಹಿಂತಿರುಗಿ ಅವಳ ಮುಖ ನೋಡಬೇಕಾಯಿತು.

ಕೂಗುತ್ತಾಳೆ, ಏನಾದರೂ ಎತ್ತಿ ಎಸೆಯುತ್ತಾಳೆ ಎಂದುಕೊಂಡಿದ್ದೆ. ಅವಳು ಮಾಡಲಿಲ್ಲ. ತೆರೆಯ ಕಡೆ ಇನ್ನೊಮ್ಮೆ ನೋಡಿ, ನನ್ನ ಕಡೆ ತಿರುಗಿ, ನಿಧಾನವಾಗಿ ಹೇಳಿದಳು.

"ಹನ್ನೊಂದನೇ ಲ್ಯಾಪ್, ಅಮ್ಮಾ. ಒಂದೇ ಲ್ಯಾಪ್ ಡಿಫರೆನ್ಸ್, ಬರೀ ಶೀಟ್ ನೋಡಿ. ಈ ಕೆಲಸ ನನಗಿಂತ ನಿನಗೆ ತುಂಬಾ ಚೆನ್ನಾಗಿ ಬರುತ್ತೆ."

ನಲವತ್ತೊಂಬತ್ತು ವರ್ಷಗಳಲ್ಲಿ ಆ ಮಾತನ್ನು ನನಗೆ ಯಾರೂ ಹೇಳಿರಲಿಲ್ಲ. ಮಾನಗೆಟ್ಟವಳು ನಾನು, ಆ ಒಂದು ಗಳಿಗೆ ನನಗೆ ಹಿತವಾಯಿತು. ಮಗಳು ಅದನ್ನು ನನ್ನ ಮುಖದಲ್ಲಿ ಕಂಡಳು. ಎದ್ದು ಬಂದು ಒಲೆ ಆರಿಸಿದಳು, ಒಳಗೆ ಹೋಗಿ ನನ್ನ ಬ್ಯಾಗು ತಂದು ಬಾಗಿಲ ಹತ್ತಿರ ಇಟ್ಟಳು.